ಪ್ರೊಡಕ್ಷನ್ ಓದುವ ಹುಡುಗಿ

ಕ್ಯಾಮೆರಾ ಹೊತ್ತುಕೊಂಡು ನಮ್ಮ ಕಡೆಯ ಹಳ್ಳಿಗಳಿಗೆ ಹೋಗಿ, ಏನೂ ಎಡವಟ್ಟಾಗದೆ ವಾಪಸು ಬಂದ ದಿನ ನನಗೆ ನೆನಪಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಯೂನಿವರ್ಸಿಟಿಯಲ್ಲಿ ಸಿನಿಮಾ ಮತ್ತು ವಿಡಿಯೋ ತಯಾರಿಕೆ ಓದುತ್ತಿದ್ದೆ. ಇಡೀ ಡಿಪಾರ್ಟ್‌ಮೆಂಟಿಗೆ ಇದ್ದದ್ದು ಒಂದೇ ಕ್ಯಾಮೆರಾ. ಹೊತ್ತವನ ಹೆಗಲು ಒಂದು ಕಡೆಗೆ ವಾಲುವಷ್ಟು ಭಾರ. ಅದನ್ನು ಹೊರುತ್ತಿದ್ದವನು ನನ್ನ ಸಹಪಾಠಿ, ಕೆ.ಆರ್. ಪೇಟೆ ಕಡೆಯವನು. ಕ್ಲಾಸಿನಲ್ಲಿ ಎಲ್ಲರಿಗೂ ಅವನು 'ಪೇಟೆ'. ಮೈಕು ಹಿಡಿಯುವವಳು ನಾನು, ಅರಕೆರೆಯವಳು. ನಮ್ಮಿಬ್ಬರನ್ನೂ ಜೋಡಿ ಮಾಡಿ ಹೊರಗೆ ಕಳಿಸುತ್ತಿದ್ದವರು ನಮ್ಮ ಪ್ರೊಫೆಸರು. ನಾವು ಕ್ಯಾಮೆರಾ ಸಮೇತ ಮತ್ತೆ ಬಾಗಿಲಲ್ಲಿ ಕಾಣಿಸಿಕೊಳ್ಳುವ ತನಕ ಅವರಿಗೆ ಕಾಫಿ ಸೇರುತ್ತಿರಲಿಲ್ಲವಂತೆ.

ಡೈರಿ ಮುಂದೆ

ಸಿನಿಮಾ ಓದುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ರಂಪವೇನೂ ಆಗಲಿಲ್ಲ. ಅಪ್ಪ ಕೇಳಿದ್ದು ಒಂದೇ ಮಾತು.

"ಪಾಸಾಯ್ತೀಯಾ?"

"ಆಯ್ತೀನಿ ಕಣಪ್ಪ."

"ಅಂಗಾರೆ ಓಗು. ಆದ್ರೆ ಊರೋರು ಕೇಳುದ್ರೆ ಏನಂತ ಯೋಳ್ಲಿ?"

ಅದು ನಿಜವಾದ ಕಷ್ಟ. ಸಿನಿಮಾ ಓದುತ್ತಾಳೆ ಎಂದರೆ ನಮ್ಮೂರಲ್ಲಿ ಕುಣಿಯುವುದಕ್ಕೆ ಹೋಗಿದ್ದಾಳೆ ಎಂದೇ ಅರ್ಥ. "ವಿಡಿಯೋ ಪ್ರೊಡಕ್ಷನ್ ಅನ್ನು" ಎಂದು ಹೇಳಿಕೊಟ್ಟೆ. ಅಪ್ಪ ಬಾಯಿಪಾಠ ಮಾಡಿಕೊಂಡ.

ಮರುದಿನ ಬೆಳಗ್ಗೆ ಡೈರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದಾಗ ಯಾರೋ, "ಮಗ್ಳು ಏನ್ ಓದ್ತಾವ್ಳೆ ಗೌಡ್ರೆ?" ಎಂದು ಕೇಳಿದ್ದಾರೆ. ಅಪ್ಪ ಮೊದಲ ಪದ ಮರೆತನೋ, ಬೇಕೆಂದೇ ನುಂಗಿದನೋ, "ಪ್ರೊಡಕ್ಷನ್" ಎಂದಿದ್ದಾನೆ. ಹಾಲಿನ ಕ್ಯಾನು ಕೈಯಲ್ಲಿ ಹಿಡಿದು, ಡೈರಿ ಮುಂದೆ ನಿಂತವನು ಪ್ರೊಡಕ್ಷನ್ ಎಂದರೆ ಕೇಳಿದವರು ಏನೆಂದುಕೊಳ್ಳಬೇಕು?

ರಜೆಗೆ ಊರಿಗೆ ಹೋದ ದಿನ ಸಂಜೆಯೇ ಪಕ್ಕದ ಮನೆ ದೊಡ್ಡಪ್ಪ ತಮ್ಮ ಹಸುವನ್ನು ಹಗ್ಗ ಹಿಡಿದು ನಮ್ಮ ಜಗಲಿ ಮುಂದಕ್ಕೇ ತಂದರು.

"ಬಂದ್ಯಾ ಮಗ? ವಸಿ ಇದನ್ ನೋಡು. ಬೆಳಗ್ಗೆ ಚೆಂದಾಗಿ ಕೊಡ್ತದೆ. ಸಂಜೆ ಕರ್ಯಾಕೆ ಕುಂತ್ರೆ ಒದ್ದು ಬಿಂದ್ಗೆ ಉಳ್ಳುಸ್ತದೆ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಹಸುವಿನ ಮುಖ ನೋಡುತ್ತಿದ್ದ.

ಈಗ ನಾನು ಬಾಯಿ ಬಿಟ್ಟರೆ ಅಪ್ಪನ ಮರ್ಯಾದೆ ಹೋಗುತ್ತದೆ. ಯಾವ ವಸ್ತುವಿನ ಚಿತ್ರವನ್ನಾದರೂ ತೆಗೆಯುವ ಮೊದಲು ಸುತ್ತಲೂ ನಡೆದು ನೋಡಿ ಎಂದು ಕ್ಲಾಸಿನಲ್ಲಿ ಹೇಳಿದ್ದರು. ಹಸುವನ್ನು ಗಂಭೀರವಾಗಿ ಒಂದು ಸುತ್ತು ಹಾಕಿದೆ. ಆಮೇಲೆ, ಅಲ್ಲಿ ತನಕ ನಾನು ಕಲಿತಿದ್ದ ಇನ್ನೊಂದೇ ಪಾಠ ನೆನಪಿಗೆ ಬಂತು: ಬೆಳಕು ಯಾವ ಕಡೆಯಿಂದ ಬೀಳುತ್ತದೆ ನೋಡಿ.

"ಸಂಜೆ ಯಾವ ದಿಕ್ಕಿಗೆ ನಿಲ್ಲಿಸಿ ಕರೀತೀರಿ ದೊಡ್ಡಪ್ಪ?"

"ಪಡುವಕ್ಕೆ."

"ಬಿಸಿಲು ನೇರ ಕಣ್ಣಿಗೆ ಹೊಡೀತದೆ. ತಿರುಗಿಸಿ ಕಟ್ಟಿ."

ಹಸು ಒದೆಯುವುದನ್ನು ನಿಲ್ಲಿಸಿಬಿಟ್ಟಿತು! ಯಾಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ದೊಡ್ಡಪ್ಪ ಡೈರಿಯಲ್ಲಿ ನಿಂತು, "ಓದು ಅಂದ್ರೆ ಇದು ಕಣ್ರಯ್ಯ" ಎಂದು ಸಾರಿದರು. ಅಪ್ಪ ನಿಟ್ಟುಸಿರು ಬಿಟ್ಟು, "ಸದ್ಯ, ಇನ್ಮ್ಯಾಕೆ ನಿನ್ ಓದಿನ್ ಸುದ್ದಿಗೆ ಯಾರೂ ಬರಾಕಿಲ್ಲ ಬುಡು" ಎಂದ.

ಮುಂದಿನ ರಜೆಗೆ ಬಸ್ಸಿಳಿದು ಮನೆಗೆ ಬಂದರೆ ಜಗಲಿ ಮುಂದೆ ಎಮ್ಮೆಗಳು ಸಾಲಾಗಿ ನಿಂತಿದ್ದವು.

ಹೊಳೆ ಮೆಟ್ಟಿಲು

ಯಾವುದಾದರೂ ಒಂದು ಕೆಲಸವನ್ನು ಶುರುವಿನಿಂದ ಕೊನೆತನಕ ತೆಗೆದು ತನ್ನಿ ಎಂದರು ಪ್ರೊಫೆಸರು. ನಾವು ಶ್ರೀರಂಗಪಟ್ಟಣದ ಹೊಳೆಗೆ ಹೋದೆವು. ಮೆಟ್ಟಿಲ ಮೇಲೆ ಒಬ್ಬ ಅಕ್ಕ ಕೆಂಪು ಸೀರೆ ಒಗೆಯುತ್ತಿದ್ದರು. ಕೇಳಿದೆವು, ಒಪ್ಪಿದರು.

ಮೊದಲನೇ ಸಲ ಸೀರೆ ಒಗೆದು ಹಿಂಡುವ ತನಕ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ನೋಡಿದರೆ ಪೇಟೆ ಕ್ಯಾಮೆರಾದ ಮುಚ್ಚಳ ತೆಗೆದಿರಲಿಲ್ಲ. ಮತ್ತೊಮ್ಮೆ ಒಗೆಸಿದೆವು. ಸೇತುವೆ ಮೇಲೆ ಲಾರಿಯವನು ಹಾರನ್ನು ಒತ್ತಿ ಹಿಡಿದ. ಇನ್ನೊಮ್ಮೆ ಒಗೆಸಿದಾಗ ಅಕ್ಕ ಉದ್ದಕ್ಕೂ ನಮ್ಮನ್ನೇ ನೋಡಿ ನಕ್ಕರು.

"ಅಕ್ಕ, ನಮ್ ಕಡೆ ನೋಡಬೇಡಿ" ಎಂದೆ.

"ಎದುರ್ಗೆ ಬಂದು ನಿಂತೋರ ಮಕ ನೋಡ್ದೆ ಎಂಗವ್ವ ಇರದು? ಮರ್ಯಾದೆ ಬ್ಯಾಡ್ವಾ?"

ಆದರೂ ನಮ್ಮ ಮಾತಿಗೆ ಬೆಲೆ ಕೊಟ್ಟು, ಮುಂದಿನ ಸಲ ಪೂರಾ ಬೆನ್ನು ತಿರುಗಿಸಿ ಕೂತರು. ಕ್ಯಾಮೆರಾಕ್ಕೆ ಕಂಡಿದ್ದು ಬರೀ ಬೆನ್ನು.

"ಇನ್ನೊಂದೇ ಒಂದು ಸಲ ಅಕ್ಕ" ಎಂದ ಪೇಟೆ.

ಅಕ್ಕ ಸೀರೆಯನ್ನು ಎತ್ತಿ ತೋರಿಸಿದರು. ಕೆಂಪು ಹೋಗಿ ಗುಲಾಬಿಗೆ ತಿರುಗಿತ್ತು. "ಇದ್ರಲ್ಲಿ ಕೊಳೆ ಎಲ್ಲದೆ ಯೋಳ್ಲಾ? ಇನ್ನೊಂದ್ ದಪ ಬಡುದ್ರೆ ಸೀರೆನೇ ಇರಾಕಿಲ್ಲ. ಕೊಳೆ ಇಲ್ದೆ ಒಗ್ಯಾಕೆ ನಂಗೇನು ಉಚ್ಚಾ?"

ಬಿಸಿಲು ಇಳಿಯುತ್ತಿತ್ತು. ಕ್ಯಾಸೆಟ್ಟು ನಾಳೆ ಬೆಳಗ್ಗೆ ಪ್ರೊಫೆಸರ ಮೇಜಿನ ಮೇಲಿರಬೇಕು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಿಂತಾಗ ಅಕ್ಕನ ಕಣ್ಣು ಪೇಟೆಯ ಬಿಳಿ ಅಂಗಿಯ ಮೇಲೆ ಬಿತ್ತು.

"ಬಿಚ್ಲಾ ಅದನ್ನ."

ಪೇಟೆ ಬನಿಯನ್ನಿನಲ್ಲಿ ನಿಂತು ಚಿತ್ರ ತೆಗೆದ. ಅಕ್ಕನಿಗೆ ನಿಜವಾದ ಕೊಳೆ ಸಿಕ್ಕಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಸೋಪು ಹಚ್ಚಿದರು, ಉಜ್ಜಿದರು, ಬಯ್ದುಕೊಂಡು ಬಡಿದರು, ಜಾಲಿಸಿದರು. ಒಂದೇ ಸಲಕ್ಕೆ ಎಲ್ಲ ಬಂತು. ನಮಗೆ ಹೋದ ಜೀವ ಬಂದಂತಾಯಿತು.

ಅಕ್ಕ ಅಂಗಿ ಹಿಂಡಿ, ಕೊಡವಿ, ಪೇಟೆಯ ಕೈಗೆ ಕೊಟ್ಟರು. "ತಕಳಪ್ಪ. ನಿಮ್ ಸಿನ್ಮಾ ಎಂಗ್ ಬಂದದೋ ನಾ ಕಾಣೆ. ಕಾಲರ್ ಮಾತ್ರ ಚೆಂದಾಗಿ ಬಂದದೆ."

ಬಂಡೆ

ಚಿನಕುರಳಿ ಹತ್ತಿರ ಕಲ್ಲು ಕ್ವಾರಿಗಳಿವೆ. ಬಂಡೆ ಸಿಡಿಯುವುದನ್ನು ತೆಗೆದರೆ ಕ್ಲಾಸಿನಲ್ಲಿ ಯಾರೂ ನಮ್ಮನ್ನು ಮೀರಿಸಲಾರರು ಎಂದು ಪೇಟೆಗೆ ಆಸೆ. ಕ್ವಾರಿ ಮೇಸ್ತ್ರಿ ಒಪ್ಪಿದ. ಆದರೆ ಎಚ್ಚರಿಕೆ ಕೊಟ್ಟ: "ನೋಡ್ಲಾ ತಮ್ಮ, ಸಿಡುದ್ ಬಂಡೆ ಮತ್ತೆ ಸಿಡಿಯಾಕಿಲ್ಲ. ತಪ್ಪೋದ್ರೆ ನನ್ ಕೇಳ್ಬ್ಯಾಡ."

ನಾವು ದೂರದ ಕಲ್ಲಿನ ಮರೆಯಲ್ಲಿ ಕೂತೆವು. ಕಾಯುವ ಹೊತ್ತಿನಲ್ಲಿ ಪೇಟೆ ಒಂದೇ ಸಮ ಮಾತಾಡುತ್ತಿದ್ದ. ಸೀಟಿ ಊದಿದರು. ಕೆಂಪು ಬಾವುಟ ಎತ್ತಿದರು. ಎಲ್ಲರೂ ಓಡಿದರು. ಪೇಟೆ ಕ್ಯಾಮೆರಾದ ಗುಂಡಿ ಒತ್ತಿದ. ಢಮ್! ನೆಲ ನಡುಗಿತು, ದೂಳು ಆಕಾಶಕ್ಕೆದ್ದಿತು. "ಬಂತು ಕಣೇ, ಬಂತು!" ಎಂದು ಪೇಟೆ ಕುಣಿದಾಡಿಬಿಟ್ಟ.

ಮರುದಿನ ಪ್ರೊಫೆಸರ ಕೋಣೆಯಲ್ಲಿ ಟಿವಿ ಹಾಕಿ ನೋಡಿದೆವು. ಮೊದಲು ಪೇಟೆಯ ಚಪ್ಪಲಿ ಕಂಡಿತು. ಆಮೇಲೆ ನೆಲ. ಒಂದು ಮೇಕೆ ಬಂದು ಹೋಯಿತು. ಮತ್ತೆ ಚಪ್ಪಲಿ. ಯಾವಾಗಲೋ ಕೈ ತಾಗಿ ಕ್ಯಾಮೆರಾ ಮೊದಲೇ ಓಡುತ್ತಿತ್ತು. ಬಂಡೆ ಸಿಡಿಯುವಾಗ ಪೇಟೆ ಒತ್ತಿದ ಗುಂಡಿಗೆ ಅದು ನಿಂತುಹೋಗಿತ್ತು. ಅಂದರೆ, ಬಂಡೆ ಬಿಟ್ಟು ಮಿಕ್ಕಿದ್ದೆಲ್ಲ ಬಂದಿತ್ತು. ಮಾತೂ ಬಂದಿತ್ತು. ಚಪ್ಪಲಿಯ ಚಿತ್ರದ ಮೇಲೆ ಪೇಟೆಯ ದನಿ ಗಂಟೆ ಹೊಡೆದಂತೆ ಕೇಳುತ್ತಿತ್ತು:

"ನಮ್ ಪ್ರೊಫೆಸರು ಕ್ಲಾಸಲ್ಲಿ ಕುಂತ್ಕಂಡು ಅಂಗ್ ತೆಗೀರಿ, ಇಂಗ್ ತೆಗೀರಿ ಅಂತಾರೆ. ಹುಟ್ಟಿದ್ಮ್ಯಾಕೆ ಒಂದ್ ಬಂಡೆನಾರ ನೋಡವ್ರಾ ಅವ್ರು?"

ಆಮೇಲೆ ಸೀಟಿ. ಆಮೇಲೆ ಕಪ್ಪು ಪರದೆ.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. ಪೇಟೆ ಗೋಡೆಗೆ ಅಂಟಿಕೊಂಡಿದ್ದ.

"ಧ್ವನಿ ಬಹಳ ಸ್ಪಷ್ಟವಾಗಿದೆ. ಮೈಕು ಹಿಡಿದಿದ್ದು ಯಾರು?"

"ನಾನು ಸಾರ್."

"ನೀನು ಪಾಸು." ಆಮೇಲೆ ಪೇಟೆಯ ಕಡೆ ತಿರುಗಿದರು. "ನೀನು ಇನ್ನೊಂದು ಸಲ ಹೋಗಬೇಕಾಗುತ್ತೆ. ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಪ್ಪ. ನಾನು ಬಂಡೆ ನೋಡಿಲ್ಲವಂತೆ."

ನೀಲಿ ಡಬ್ಬಿ

ಬೇಸಿಗೆಯಲ್ಲಿ ಕ್ಯಾಸೆಟ್ಟು, ಬ್ಯಾಟರಿ ಕಾಯಬಾರದು ಎಂದು ಪ್ರೊಫೆಸರು ನಮಗೆ ಹೆಗಲಿಗೆ ನೇತುಹಾಕುವ ಒಂದು ನೀಲಿ ಡಬ್ಬಿ ಕೊಡಿಸಿದ್ದರು. ಅದನ್ನು ನೇತುಹಾಕಿಕೊಂಡು ನಾಗಮಂಗಲದ ಆಚೆಯ ಒಂದು ಹಳ್ಳಿಗೆ ಮಕ್ಕಳ ಆಟ ತೆಗೆಯಲು ಹೋದೆವು. ಬೀದಿ ತುಂಬ ಮಕ್ಕಳು. ಕುಂಟೆಬಿಲ್ಲೆ, ಗೋಲಿ, ಬುಗುರಿ, ಬೇಕಾದ್ದೆಲ್ಲ ಇತ್ತು. ಪೇಟೆ ಕಣ್ಣರಳಿಸಿದ.

ಅಷ್ಟರಲ್ಲಿ ಒಬ್ಬ ಹೆಂಗಸು ನನ್ನ ಹೆಗಲ ಡಬ್ಬಿ ನೋಡಿ, ಆಸ್ಪತ್ರೆಯವರ ಲಸಿಕೆ ಡಬ್ಬಿ ಎಂದುಕೊಂಡು ಕೂಗಿದಳು: "ಬಂದ್ರು ಕಣ್ರೇ ಸೂಜಿಯೋರು!"

ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿ ಖಾಲಿ. ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ಒಂದು ಬುಗುರಿ ಮಾತ್ರ ಇನ್ನೂ ತಿರುಗುತ್ತಿತ್ತು.

"ಅವ್ವಾ, ನಾವು ಸೂಜಿಯೋರಲ್ಲ, ವಿಡಿಯೋದೋರು!" ಎಂದು ಪೇಟೆ ಕೂಗಿದ.

ಬಾಗಿಲ ಹಿಂದಿನಿಂದ ಉತ್ತರ ಬಂತು: "ಓದ್ ಸತಿ ಬಂದೋರೂ ಸೂಜಿ ಇಲ್ಲ, ಪೆಪ್ಪರ್‌ಮೆಂಟು ಕೊಡ್ತೀವಿ ಅಂದಿದ್ರು!"

ನಂಬಿಸೋಣವೆಂದು ನಾನು ಉದ್ದನೆಯ ಮೈಕು ತೆಗೆದು ಎತ್ತಿ ತೋರಿಸಿದೆ. ಕಿಟಕಿಗಳ ಹಿಂದೆ ಮಕ್ಕಳೆಲ್ಲ ಒಟ್ಟಿಗೆ ಕಿರುಚಿಕೊಂಡವು. "ಅಯ್ಯಯ್ಯೋ, ಏಟುದ್ದ ಸೂಜಿ!"

ಇನ್ನು ಬರಿಗೈಲಿ ವಾಪಸು ಹೋಗುವುದೇ ಗತಿ ಎಂದು ನಾವು ಜಗಲಿ ಮೇಲೆ ಕುಸಿದು ಕೂತಾಗ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದಳು. ನನ್ನ ಪಕ್ಕ ಕೂತು ರವಿಕೆಯ ತೋಳು ಮೇಲೆ ಸರಿಸಿದಳು.

"ಆಕವ್ವ. ಮಂಡಿ ನೋವು ತಡಿಯಾಕಾಯ್ತಿಲ್ಲ."

"ಅಜ್ಜಿ, ಇದು ಸೂಜಿ ಅಲ್ಲ, ಮೈಕು. ಇದ್ರ ಮುಂದೆ ಮಾತಾಡಬೇಕು."

"ಮಾತಾಡುದ್ರೆ ವಾಸಿಯಾಯ್ತದಾ?"

ನಾನು ಮೈಕು ಅವಳ ಮುಂದೆ ಹಿಡಿದೆ. ಪೇಟೆ ಕ್ಯಾಮೆರಾ ಎತ್ತಿದ. ಅಜ್ಜಿ ತಾನು ಹುಡುಗಿಯಾಗಿದ್ದಾಗ ಆಡುತ್ತಿದ್ದ ಆಟಗಳಿಂದ ಶುರುಮಾಡಿ, ಸೊಸೆಯ ಸಾರಿಗೆ ಉಪ್ಪಿಲ್ಲದಿರುವ ತನಕ ಕ್ಯಾಸೆಟ್ಟು ಮುಗಿಯುವಷ್ಟು ಮಾತಾಡಿದಳು. ಸೊಸೆಯ ಹೆಸರು ಬರುತ್ತಲೇ ಒಂದೊಂದೇ ಬಾಗಿಲು ತೆರೆದುಕೊಂಡು, ಕೊನೆಗೆ ಬೀದಿಯೆಲ್ಲ ನಮ್ಮ ಸುತ್ತ ಕೂತಿತ್ತು. ನಾವು ತಂದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಆಮೇಲೆ ಪ್ರೊಫೆಸರು ಬೆನ್ನು ತಟ್ಟಿದರು.

ಆದರೆ ಅಜ್ಜಿಯ ಸರ್ಟಿಫಿಕೇಟು ಅದಕ್ಕಿಂತ ಮೊದಲೇ ಸಿಕ್ಕಿತ್ತು. ಮಾತು ಮುಗಿಸಿ, ಕೋಲು ಮರೆತು ಎದ್ದು ನಿಂತು ಹೇಳಿದಳು: "ವಸಿ ಅಗುರಾಯ್ತು ಕಣ್ ಮಗ. ಇನ್ನೊಂದ್ ಡೋಸು ಯಾವಾಗ?"

ಹೊಸ ಮಾಡಲ್ಲು

ಕೊನೆಯ ವರ್ಷ ಪ್ರತಿ ಜೋಡಿಯೂ ಒಂದು ಚಿತ್ರ ಮಾಡಬೇಕಿತ್ತು. ಅದೇ ಪರೀಕ್ಷೆ. ನಾವು ಪಾಂಡವಪುರದ ಹತ್ತಿರದ ಒಂದು ಆಲೆಮನೆ ಆರಿಸಿಕೊಂಡೆವು. ಕಬ್ಬಿನ ಹಾಲು ಬೆಲ್ಲವಾಗುವ ತನಕ ಎಲ್ಲವನ್ನೂ ತೆಗೆಯುವುದು. ಕ್ಯಾಮೆರಾಕ್ಕೆ ಬ್ಯಾಟರಿ, ಕ್ಯಾಸೆಟ್ಟು ಹಾಕಿ ಸಿದ್ಧ ಮಾಡಿ, ಕಪ್ಪು ರೆಕ್ಸಿನ್ನಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಕೆ.ಆರ್. ಪೇಟೆಗೆ ಹೋಗುವ ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ಪೆಟ್ಗೆ ಮ್ಯಾಕೆ ಆಕಿ" ಎಂದ ಕಂಡಕ್ಟರು. ಪೇಟೆ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಪೆಟ್ಟಿಗೆ ಬಸ್ಸಿನ ಟಾಪಿಗೆ ಹೋಯಿತು. ಪಾಂಡವಪುರದಲ್ಲಿ ಇಳಿದಾಗ ಕ್ಲೀನರು ಮೇಲೆ ಹತ್ತಿ ಕಪ್ಪು ಪೆಟ್ಟಿಗೆಯನ್ನು ಜೋಪಾನವಾಗಿ ಇಳಿಸಿಕೊಟ್ಟ. ಬಸ್ಸು ಹೊರಟುಹೋಯಿತು.

ಆಲೆಮನೆಯಲ್ಲಿ ನಮಗಾಗಿ ಎಲ್ಲ ತಯಾರಾಗಿತ್ತು. ಒಲೆ ಉರಿಯುತ್ತಿತ್ತು. ಕೆಲಸದವರು ತಲೆ ಬಾಚಿ ಕ್ರಾಪು ತೀಡಿಕೊಂಡಿದ್ದರು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೊಪ್ಪರಿಗೆಯ ಪಕ್ಕ ನಿಂತಿದ್ದರು. ಪೇಟೆ ಎಲ್ಲರೂ ನೋಡುವಂತೆ ಪೆಟ್ಟಿಗೆ ತೆರೆದ.

ಒಳಗೆ ಒಂದು ಹಾರ್ಮೋನಿಯಂ ಇತ್ತು.

ಪೇಟೆ ಮುಚ್ಚಿದ. ಮತ್ತೆ ತೆರೆದ. ಹಾರ್ಮೋನಿಯಮ್ಮೇ ಇತ್ತು.

ಯಜಮಾನರು ಬಗ್ಗಿ ನೋಡಿ ಕೇಳಿದರು: "ಮೊದ್ಲು ಪ್ರಾರ್ಥನೆನಾ?"

ಡಿಪಾರ್ಟ್‌ಮೆಂಟಿನ ಒಂದೇ ಕ್ಯಾಮೆರಾ. ಅದಿಲ್ಲದೆ ನಮಗೂ ಪರೀಕ್ಷೆಯಿಲ್ಲ, ಉಳಿದವರಿಗೂ ಇಲ್ಲ. ಕಾಫಿ ಲೋಟ ಹಿಡಿದು ಬಾಗಿಲು ನೋಡುತ್ತಿರುವ ಪ್ರೊಫೆಸರ ಮುಖ ಕಣ್ಣ ಮುಂದೆ ಬಂದು ಅಳುವೇ ಬಂತು.

"ಅಳ್ಬ್ಯಾಡ ಕನವ್ವ" ಎಂದರು ಯಜಮಾನರು. "ಬಸ್ಸು ಕೆ.ಆರ್. ಪೇಟೆಗೆ ತಾನೆ ಓಗೋದು? ಬೈಕ್ ಅತ್ತಿ."

ಮುಂದೆ ಯಜಮಾನರು, ನಡುವೆ ಪೇಟೆ, ಹಿಂದೆ ನಾನು, ನನ್ನ ತೊಡೆ ಮೇಲೆ ಹಾರ್ಮೋನಿಯಂ. ಹಳ್ಳ ಸಿಕ್ಕಿದಾಗೆಲ್ಲ ಅದು ಪೆಟ್ಟಿಗೆಯೊಳಗಿಂದ "ಙೂಂ" ಎನ್ನುತ್ತಿತ್ತು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರು ಟೀ ಕುಡಿಯುತ್ತಿದ್ದ. "ಕಪ್ ಪೆಟ್ಗೆನಾ? ನಾಟ್ಕದ ಆರ್ಮೋನಿ ಮೇಷ್ಟ್ರು ತಕಂಡೋದ್ರಲ್ಲ" ಎಂದು ಹತ್ತಿರದ ಹಳ್ಳಿಯ ದಾರಿ ತೋರಿಸಿದ. ಬೈಕು ಮತ್ತೆ ಓಡಿತು.

ಆ ಹಳ್ಳಿಯ ಅರಳಿಕಟ್ಟೆಯ ಮೇಲೆ ನಾಟಕದ ಪಾತ್ರಧಾರಿಗಳೆಲ್ಲ ಅಭ್ಯಾಸಕ್ಕೆಂದು ಸೇರಿದ್ದರು. ನಡುವೆ ಚಾಪೆ. ಚಾಪೆಯ ಮೇಲೆ ನಮ್ಮ ಕ್ಯಾಮೆರಾ, ಒಂದು ಗೀರೂ ಇಲ್ಲದೆ. ಅದರ ಮುಂದೆ ಚಕ್ಕಂಬಕ್ಕಲ ಹಾಕಿ ಕೂತಿದ್ದ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಿದ್ದರು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ್ದೇ ಎದ್ದು ಬಂದು, ಮುಚ್ಚಳ ತೆಗೆದು, ಹಾರ್ಮೋನಿಯಮ್ಮನ್ನು ಕಳೆದುಹೋದ ಮಗು ಸಿಕ್ಕಿದಂತೆ ತಬ್ಬಿಕೊಂಡರು.

"ಇದನ್ನ ಸಿಟಿಲಿ ರಿಪೇರಿಗೆ ಕೊಟ್ಟಿದ್ದೆ ಕನವ್ವ. ಈಸ್ಕೊಂಡ್ ಬಂದು ತೆಗುದ್ ನೋಡುದ್ರೆ ಅದಿತ್ತು. ಅವ್ನೇನೋ ಒಸಾ ಮಾಡಲ್ಲು ಕೊಟ್ಟವ್ನೆ ಅನ್ಕಂಡೆ. ಎಲ್ಲಾ ಗುಂಡಿನೂ ಒತ್ದೆ. ಕೆಂಪ್ ದೀಪ ಉರೀತದೆಯೇ ವರ್ತು ಸ್ವರ ಬರಾಕಿಲ್ಲ!"

ಪೇಟೆ ಕ್ಯಾಮೆರಾವನ್ನು ಎದೆಗವಚಿಕೊಂಡ. ನಮಗೆ ಊಟ ಹಾಕಿಸಿಯೇ ಕಳಿಸಿದರು. ಅವತ್ತಿನ ಮುದ್ದೆ ಇಳಿದಷ್ಟು ಸುಲಭವಾಗಿ ಇನ್ಯಾವತ್ತೂ ನನ್ನ ಗಂಟಲಲ್ಲಿ ಮುದ್ದೆ ಇಳಿದಿಲ್ಲ. ಮರುದಿನ ಯಜಮಾನರು ಮತ್ತೆ ಒಲೆ ಹಚ್ಚಿಸಿದರು, ಕೆಲಸದವರು ಮತ್ತೆ ತಲೆ ಬಾಚಿದರು. ಆಲೆಮನೆ ಚಿತ್ರ ಮುಗಿಯಿತು.

ಕ್ಯಾಸೆಟ್ಟನ್ನು ಪ್ರೊಫೆಸರ ಮುಂದೆ ಹಾಕಿದಾಗಲೇ ನಮಗೆ ಗೊತ್ತಾಗಿದ್ದು, ಕೆಂಪು ದೀಪ ಉರಿದ ಹೊತ್ತೆಲ್ಲ ಅದು ಓಡುತ್ತಿತ್ತು ಎಂದು. ಮೊದಲು ಪರದೆ ತುಂಬ ಮೇಷ್ಟ್ರ ಮೂಗು. ಆಮೇಲೆ ಒಂದು ಕಣ್ಣು. "ಇದ್ರಲ್ಲಿ ಶ್ರುತಿ ಎಲ್ಲದ್ಲಾ?" ಎಂಬ ದನಿ. "ಗಾಳಿ ತುಂಬ್ಬೇಕೇನೋ ಮೇಷ್ಟ್ರೇ" ಎಂದು ಯಾರೋ ಹೇಳಿದ. ರಾಜನ ಪಾರ್ಟಿನ ಗಿರಿಜಾ ಮೀಸೆಯವನು ಬಂದು ಲೆನ್ಸಿಗೆ ಬಾಯಿಟ್ಟು ಫೂ ಎಂದು ಊದಿದ; ಪರದೆಯೆಲ್ಲ ಮಂಜು. ಮಂಜು ಕರಗಿದಾಗ ಇಡೀ ತಂಡ ಕಿವಿಗೆ ಕೈ ಹಚ್ಚಿ ಬಗ್ಗಿತ್ತು. "ವಸಿ ಕೇಳುಸ್ತು" ಎಂದ ಒಬ್ಬ. ಮೇಷ್ಟ್ರು, "ನಿನ್ ಒಟ್ಟೆ ಕಣ್ಲಾ ಅದು" ಎಂದರು.

ಪ್ರೊಫೆಸರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಕಣ್ಣೊರೆಸಿಕೊಂಡು, "ಮೇಷ್ಟ್ರನ್ನು ಕೇಳಿ. ಅವರು ಒಪ್ಪಿದರೆ ಇದನ್ನೇ ಮೊದಲು ಹಾಕಿ, ಆಲೆಮನೆ ಆಮೇಲೆ" ಎಂದರು. ಮೇಷ್ಟ್ರು ಸಂತೋಷವಾಗಿ ಒಪ್ಪಿದರು.

ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಭಾರೀ ಕಟ್ಟುನಿಟ್ಟಿನವರು ಎಂದು ಹೆಸರಾಗಿದ್ದರು. ಚಿತ್ರವನ್ನು ಮೊದಲಿನಿಂದ ಕೊನೆತನಕ ಅಲುಗಾಡದೆ ನೋಡಿದರು. ದೀಪ ಹಾಕಿದ ಮೇಲೆ ಹಾಳೆಯಲ್ಲಿ ಏನೋ ಬರೆದುಕೊಂಡರು. ನಾನು ದುಪಟ್ಟಾದ ತುದಿ ಹಿಂಡುತ್ತಿದ್ದೆ.

"ಬೆಲ್ಲ ಪರವಾಗಿಲ್ಲ" ಎಂದರು ಕೊನೆಗೆ. "ಆದರೆ ಮೊದಲಿನ ಭಾಗ ಇದೆಯಲ್ಲ, ನಾನು ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ. ಹಳ್ಳಿ ಜನ ಕ್ಯಾಮೆರಾ ಕಂಡರೆ ಬಿಗಿದುಕೊಂಡುಬಿಡುತ್ತಾರೆ. ಅವರು ಇಷ್ಟು ಸಹಜವಾಗಿ ಇರುವ ಹಾಗೆ ನೀವಿಬ್ಬರೂ ಏನು ಮಾಡಿದಿರಿ?"

ಪೇಟೆ ಕೈಕಟ್ಟಿ ನಿಂತು, ಬಹಳ ವಿನಯದಿಂದ ಹೇಳಿದ:

"ನಾವಿಬ್ರೂ ಅಲ್ಲಿರ್ಲಿಲ್ಲ ಸಾರ್."